ಬಾವುಟಗುಡ್ಡೆಯ 13 ದಿನ, ಆಮೇಲಿನ ‘ಶಾಂತಿ’

ಸುಳ್ಯ, ಪುತ್ತೂರು, ಬೆಳ್ಳಾರೆ ಕಡೆಯಿಂದ ಘಟ್ಟ ಹತ್ತಿ ಬಂದು ನಮ್ಮ ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಮಾಡಿಕೊಂಡವರಿಗೆ ಕಂಪನಿಯ ವಿರುದ್ಧ ಎದ್ದ 1837ರ ದಂಗೆ ಹೊಸ ಸುದ್ದಿಯಲ್ಲ. ಕಲ್ಯಾಣಪ್ಪನ ಕಾಟಕಾಯಿ ಎಂದು ಅಜ್ಜ ಅಜ್ಜಿಯರ ಬಾಯಲ್ಲೇ ಕೇಳಿದವರು ಅವರು. ಮಂಗಳೂರನ್ನು ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಕೈತಪ್ಪಿದ ಮೇಲೆ ಕಂಪನಿ ಸರ್ಕಾರ ಬಂದರು ಪಟ್ಟಣದಲ್ಲಿ ‘ಶಾಂತಿ’ ಸ್ಥಾಪಿಸಿದ ಬಗೆಯನ್ನು ಹೇಳುವವರು ಕಡಿಮೆ.

ಕಾರಣ ಹುಡುಕಿದರೆ ಕಂದಾಯಕ್ಕೆ ಬಂದು ನಿಲ್ಲುತ್ತೇವೆ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ಹಾಲೇರಿ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಧಾನ್ಯವನ್ನೇ ಕಂದಾಯವಾಗಿ ಅಳೆದು ಕೊಡುತ್ತಿದ್ದ ರೈತ ಈಗ ನಗದು ಎಣಿಸಬೇಕಾಯಿತು. ನಗದು ಹುಟ್ಟುತ್ತಿದ್ದುದು ಕರಾವಳಿಯ ಪೇಟೆಯಲ್ಲಿ, ಸಾಹುಕಾರನ ತಕ್ಕಡಿಯಲ್ಲಿ. ಕಂತಿನ ಗಡುವು ಹತ್ತಿರವಾದಷ್ಟೂ ಅಕ್ಕಿಯ ಬೆಲೆ ಕುಸಿಯುತ್ತದೆ ಎಂಬುದನ್ನು ಅಡಿಕೆ ಮಾರಿ ಬದುಕುವ ನಮಗೆ ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ಸರ್ಕಾರಿ ಏಕಸ್ವಾಮ್ಯ ಬೇರೆ.

ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು ಉಬರಡ್ಕ ಮಿತ್ತೂರಿನಲ್ಲಿ ಮಗನ ಮದುವೆಯ ನೆವದಲ್ಲಿ ಜನ ಕೂಡಿಸಿದರು ಎಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಇದೆ. ಅಧಿಕಾರಿಗಳ ಕಣ್ಣು ತಪ್ಪಿಸಲು ಚಪ್ಪರಕ್ಕಿಂತ ಒಳ್ಳೆಯ ಮರೆ ಎಲ್ಲಿ? ಹಾಲೇರಿ ವಂಶದ ಕಲ್ಯಾಣಸ್ವಾಮಿ (ಜನರ ಬಾಯಲ್ಲಿ ಕಲ್ಯಾಣಪ್ಪ) ಎಂದು ಪುಟ್ಟಬಸಪ್ಪನನ್ನು ಮುಂದೆ ನಿಲ್ಲಿಸಿ, ಬೆಳ್ಳಾರೆಯ ಖಜಾನೆ ಹಿಡಿದು, ದಂಡು ಕಡಲಿನ ಕಡೆ ಇಳಿಯಿತು. ಕಲೆಕ್ಟರ್ ಲೆವಿನ್ ಸಿಪಾಯಿಗಳೊಂದಿಗೆ ಪುತ್ತೂರಿನವರೆಗೆ ಬಂದು ಜನಸಾಗರ ಕಂಡು ಹಿಂದಿರುಗಿದ. ಏಪ್ರಿಲ್ 5ರಂದು ಮಂಗಳೂರು ಬಂಡುಕೋರರ ಕೈಗೆ ಬಂತು. ಜೈಲಿನ ಬಾಗಿಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು, ಪಟ್ಟಣದ ಬಾವುಟಗುಡ್ಡೆಯ ಮೇಲೆ ಅವರ ಬಾವುಟ ಹಾರಿತು. ದೊರೆಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು.

ಸೋಲಿನ ಬೀಜ ಇದ್ದದ್ದು ಆ ಹಡಗಿನಲ್ಲೇ. ನೆಲದ ದಂಡು ಬಂದರನ್ನು ಹಿಡಿಯಿತೇ ಹೊರತು ಕಡಲನ್ನು ಹಿಡಿಯಲಿಲ್ಲ. ಹಿಡಿಯಲು ಅವರ ಬಳಿ ನಾವೆಗಳಿರಲಿಲ್ಲ. 13 ದಿನ ಕಳೆಯುವಷ್ಟರಲ್ಲಿ ಕಣ್ಣೂರು, ತಲಶ್ಶೇರಿಗಳಿಂದ ಕಂಪನಿಯ ಪಡೆ ಬಂದಿಳಿಯಿತು. ಗದ್ದೆ ಬಿಟ್ಟು ಬಂದಿದ್ದ ರೈತರು ಚದುರಿದರು.

ಪಟ್ಟಣ ಮರಳಿ ಕೈಗೆ ಸಿಕ್ಕಿದ ಮೇಲೆ ಕಂಪನಿ ಅವಸರ ಪಡಲಿಲ್ಲ. ಮೊದಲು ಹಿಡಿಯುವುದು, ಆಮೇಲೆ ವಿಚಾರಣೆ, ಕೊನೆಗೆ ಎಲ್ಲರೂ ನೋಡುವಂತೆ ಶಿಕ್ಷೆ. ಕಲ್ಯಾಣಸ್ವಾಮಿ ಎನಿಸಿಕೊಂಡ ಪುಟ್ಟಬಸಪ್ಪನನ್ನೂ ದಂಗೆ ಸೇರಿದ್ದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಎದುರು ನೇಣಿಗೆ ಹಾಕಿದ್ದು ಅದೇ ವರ್ಷದ ಅಕ್ಟೋಬರ್ 31ರಂದು, ಎಂದರೆ ದಂಗೆ ಅಡಗಿ ಆರು ತಿಂಗಳಾದ ಮೇಲೆ. ಇನ್ನು ಕೆಲವರ ಪಾಲಿಗೆ ಕಡಲಾಚೆಯ ಗಡೀಪಾರು. ಇನ್ನೊಂದು ಕೈಯಲ್ಲಿ ಬಹುಮಾನ: ತನ್ನ ಪರ ನಿಂತ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನೇ ಅಚ್ಚು ಹಾಕಿಸಿ ಹಂಚಿತು. ಒಂದೇ ಸೀಮೆಯ ಒಂದು ಮನೆಗೆ ನೇಣು, ಇನ್ನೊಂದು ಮನೆಗೆ ಪದಕ. ಹೀಗೆ ಬಂದ ಶಾಂತಿ ಅಕ್ಕಪಕ್ಕದ ಮನೆಗಳ ನಡುವೆ ಎಂಥ ಮೌನ ಹುಟ್ಟಿಸಿರಬೇಕು!

ಶಿವಮೊಗ್ಗದವರು ಇದನ್ನು ಓದುವಾಗ ನಮ್ಮದೇ ಸೀಮೆಯ ‘ನಗರ ದಂಗೆ’ ನೆನಪಾಗದೆ ಇರದು. ಅದು ಏಳು ವರ್ಷ ಮೊದಲು, 1830ರಲ್ಲಿ. ಅಲ್ಲೂ ಕಂದಾಯದ ಹೊರೆ. ಅಲ್ಲೂ ಹಳೆಯ ರಾಜವಂಶದ ಹೆಸರು ಹೇಳಿಕೊಂಡು ನಿಂತ ಬೂದಿ ಬಸವಪ್ಪ. ಜನ ಎದ್ದಾಗಲೆಲ್ಲ ಕಳೆದುಹೋದ ಅರಸನೊಬ್ಬ ಬೇಕಾಗುತ್ತಿದ್ದ ಕಾಲ ಅದು. ಅಲ್ಲೂ ಬಂದೂಕು ಮತ್ತು ನೇಣುಗಳೇ ಮುಂದೆ ಬಂದವು, 1831ರಲ್ಲಿ ಮೈಸೂರಿನ ಆಡಳಿತವೇ ಕಂಪನಿಯ ಕೈಸೇರಿತು. ಆದರೆ ಆಮೇಲೆ ಬಂದ ಕಮಿಷನರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗಿನ ತನ್ನ ಅವಧಿಯಲ್ಲಿ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿಸಿದ. ಅವನನ್ನು ಹೊಗಳುವ ಉದ್ದೇಶ ನನಗಿಲ್ಲ. ಅವನೂ ಅದೇ ಕಂಪನಿಯ ಆಳು. ಆದರೂ ರೈತ ಏಕೆ ಎದ್ದ ಎಂದು ಲೆಕ್ಕಪತ್ರ ತೆರೆದು ನೋಡಿದ ಆಡಳಿತಕ್ಕೂ, ಹಗ್ಗ ಮತ್ತು ಪದಕ ಹಿಡಿದು ಹೊರಟ ಆಡಳಿತಕ್ಕೂ ವ್ಯತ್ಯಾಸವಿದೆ ಎನ್ನದೆ ಗತಿಯಿಲ್ಲ.

ಸುಳ್ಯ ಸೀಮೆಯವರೇ ಆದ ನಿರಂಜನರು ಈ ಬಂಡಾಯವನ್ನು ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿ ಬರೆದರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಆದರೆ ಮನೆಮನೆಯ ನೆನಪು ಕಾದಂಬರಿಯಲ್ಲೂ ಪ್ರತಿಮೆಯಲ್ಲೂ ಪೂರ್ತಿ ಹಿಡಿಸುವುದಿಲ್ಲ. ನಮ್ಮ ಬಡಾವಣೆಯ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಆ ಕಾಲದ ಕಂದಾಯದ ರಸೀದಿ, ಕಡತ, ಓಲೆಗರಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೊ ತೆಗೆಸಿ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ.