ಚಿಗಟೇರಿ ಹೋಬಳಿಯ ಜಿಲ್ಲಾ ಗಡಿ ಮತ್ತು 371(ಜೆ) ಹಕ್ಕು: ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಚಿಗಟೇರಿ ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಬಹುಸಂಸ್ಕೃತಿಯ ಸಮಾಜದಲ್ಲಿ ವಿಶೇಷ ಹಕ್ಕು ಸಮುದಾಯಕ್ಕೆ ಸಲ್ಲಬೇಕೋ ಪ್ರದೇಶಕ್ಕೋ ಎಂಬ ಚರ್ಚೆಗೆ ಈ ಹೋಬಳಿಯ ಆಡಳಿತ ಚರಿತ್ರೆ ಸೀಮಿತವಾದರೂ ಸ್ಪಷ್ಟವಾದ ಆಧಾರ ಒದಗಿಸುತ್ತದೆ. 1953ರಿಂದ 2021ರವರೆಗಿನ ಗಡಿ ಬದಲಾವಣೆಗಳಷ್ಟೇ ಇಲ್ಲಿನ ವಿಷಯ.

2. 1953: ಭಾಷೆಯ ಆಧಾರ

ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಹಂಚಿಹೋಯಿತು. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಹರಪನಹಳ್ಳಿ ಸಹಿತ ಉಳಿದ ಭಾಗ ಮೈಸೂರಿಗೆ ಬಂತು. ತೀವ್ರ ವಿವಾದವಿದ್ದದ್ದು ಬಳ್ಳಾರಿ ತಾಲ್ಲೂಕಿನ ಬಗ್ಗೆ. ಅದು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯ ಮೇಲೆ ಇತ್ಯರ್ಥವಾಯಿತು.

3. 1997–2018: ಜಿಲ್ಲೆಯ ಆಧಾರ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬೇರ್ಪಡಿಸಿ ಅದಕ್ಕೆ ಸೇರಿಸಲಾಯಿತು. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಈ ತಾಲ್ಲೂಕನ್ನು ‘ಅತ್ಯಂತ ಹಿಂದುಳಿದ’ ವರ್ಗದಲ್ಲಿಟ್ಟಿತು, ಆದರೆ ಎಣಿಸಿದ್ದು ದಕ್ಷಿಣ ಕರ್ನಾಟಕದ ಭಾಗವಾಗಿ.

ಮುಂದೆ ಹೈದರಾಬಾದ್-ಕರ್ನಾಟಕ ಪ್ರದೇಶಕ್ಕೆ ವಿಶೇಷ ಸೌಲಭ್ಯ ಕಲ್ಪಿಸುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಯೊಳಗಿತ್ತು, ದಾವಣಗೆರೆ ಹೊರಗಿತ್ತು. ಹಾಗಾಗಿ ನೆರೆಯ ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಗೆ ದೊರೆತದ್ದು ಚಿಗಟೇರಿಗೆ ದೊರೆಯಲಿಲ್ಲ. ದೊರೆತದ್ದೂ ಸಣ್ಣದಲ್ಲ: ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ‘ಸ್ಥಳೀಯ ವ್ಯಕ್ತಿ’ಗಳಿಗೆ ‘ಸಿ’ ವೃಂದದಲ್ಲಿ ಶೇ 80, ‘ಡಿ’ ವೃಂದದಲ್ಲಿ ಶೇ 85ರಷ್ಟು ಮೀಸಲು. 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ಮರಳಿಸಲಾಯಿತು. 2021ರಲ್ಲಿ ಅದು ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು.

4. ದಿನಾಂಕ ಮತ್ತು ಹೆಸರಿನ ವ್ಯತ್ಯಾಸ

(ಅ) ಈ ವಿಧಿಯನ್ನು ಸೇರಿಸಿದ ಸಂವಿಧಾನದ 98ನೇ ತಿದ್ದುಪಡಿಯ ಶೀರ್ಷಿಕೆಯಲ್ಲಿರುವುದು 2012. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2013ರ ಜನವರಿಯಲ್ಲಿ. ಜಾರಿಯಾದದ್ದು 2013ರ ಅಕ್ಟೋಬರ್ 1ರಂದು. ಹಕ್ಕಿನ ಆರಂಭವನ್ನು ಗುರುತಿಸಲು ಕೊನೆಯ ದಿನಾಂಕವೇ ಸೂಕ್ತ.

(ಆ) ವಿಧಿಯಲ್ಲಿರುವ ಹೆಸರು ‘ಹೈದರಾಬಾದ್-ಕರ್ನಾಟಕ’. 2019ರಿಂದ ರಾಜ್ಯ ಸರ್ಕಾರ ಬಳಸುತ್ತಿರುವುದು ‘ಕಲ್ಯಾಣ ಕರ್ನಾಟಕ’. ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸಿನದು, ಹೈದರಾಬಾದ್ ಸಂಸ್ಥಾನದ್ದಲ್ಲ. ಆದ್ದರಿಂದ ವಿಧಿಯಲ್ಲಿನ ಹೆಸರನ್ನು ಈ ತಾಲ್ಲೂಕಿನ ಮಟ್ಟಿಗೆ ಚಾರಿತ್ರಿಕ ವಿವರಣೆಯಾಗಿ ಓದುವಂತಿಲ್ಲ.

5. ಅರ್ಹತೆ ಮತ್ತು ಸಮುದಾಯ

ವಿಧಿ ಕೇಳುವುದು ಜನನ ಅಥವಾ ಅಧಿವಾಸವನ್ನು. ಭಾಷೆ, ಧರ್ಮ, ಜಾತಿಯ ಪ್ರಸ್ತಾಪ ಅದರಲ್ಲಿಲ್ಲ. ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುವವರು ಈ ಅರ್ಹತೆಯ ಮಟ್ಟಿಗೆ ಸಮಾನರು.

ಸಮುದಾಯವನ್ನೇ ಹೆಸರಿಸುವ ಪಟ್ಟಿಗಳೂ ಗಡಿಗೆ ಹೊರತಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹಳೆಯ ಬಳ್ಳಾರಿ ಜಿಲ್ಲೆಯದೇ ಆಗಿದ್ದ ರಾಯದುರ್ಗ ಈಗಿರುವ ಆಂಧ್ರದಲ್ಲಿ ಸುಗಾಲಿ, ಲಂಬಾಡಿ ಎಂಬ ಹೆಸರಿನಲ್ಲಿ ಪರಿಶಿಷ್ಟ ಪಂಗಡ. ವಾಲ್ಮೀಕಿ ನಾಯಕರ ಸ್ಥಿತಿ ಬಹುಮಟ್ಟಿಗೆ ತಿರುವುಮುರುವು: ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ, ಆಂಧ್ರದ ಬಯಲು ಜಿಲ್ಲೆಗಳಲ್ಲಿ ಬೋಯ ಎಂಬ ಹೆಸರಿನಲ್ಲಿ ಹಿಂದುಳಿದ ವರ್ಗ.

6. ತೀರ್ಮಾನ

ಇದು ಒಂದೇ ತಾಲ್ಲೂಕಿನ ನಿದರ್ಶನ, ಸಾಮಾನ್ಯೀಕರಣಕ್ಕೆ ಸಾಲದು. ಆದರೂ ಇಷ್ಟನ್ನು ಹೇಳಬಹುದು: ಚಿಗಟೇರಿಯ ಜನರ ಭಾಷೆ, ಸಂಸ್ಕೃತಿ, ವಾಸಸ್ಥಳ ಇದ್ದಂತೆಯೇ ಇದ್ದರೂ ಜಿಲ್ಲೆಯ ಗಡಿ ಬದಲಾದಾಗ ಅವರ ಅರ್ಹತೆ ಬದಲಾಯಿತು. ಇಲ್ಲಿ ‘ಸ್ಥಳೀಯ ವ್ಯಕ್ತಿ’ ಎಂಬುದು ಸಾಂಸ್ಕೃತಿಕ ವರ್ಗವಲ್ಲ, ಆಡಳಿತಾತ್ಮಕ ವರ್ಗ. 1997ರಿಂದ 2018ರ ನಡುವಿನ ದಾವಣಗೆರೆ, ಬಳ್ಳಾರಿ ಜಿಲ್ಲೆಗಳ ಅಂಕಿಅಂಶ ಬಳಸುವವರು ಹರಪನಹಳ್ಳಿಯನ್ನು ಪ್ರತ್ಯೇಕವಾಗಿ ತೋರಿಸುವುದು ಅಗತ್ಯ.