ಕಣ್ಣೊಳಗಿನ ಹುಳುವೂ ಕಿವಿಗೆ ಕೇಳದ ಸದ್ದೂ

ಸ್ಕ್ಯಾನಿಂಗ್ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಬಸುರಿ ಹೆಂಗಸರು. ಅದು ಬಿಟ್ಟರೆ ಮೂತ್ರಕೋಶದ ಕಲ್ಲು. ಕಣ್ಣಿಗೂ ಸ್ಕ್ಯಾನಿಂಗ್ ಉಂಟು ಎಂದರೆ ಹುಬ್ಬೇರಿಸುವವರೇ ಹೆಚ್ಚು. ಆ ಸ್ಕ್ಯಾನಿಂಗ್‌ನಲ್ಲಿ ಕೆಲವೊಮ್ಮೆ ಹುಳು ಕಾಣುತ್ತದೆ ಎಂದರೆ ನಂಬುವುದು ಇನ್ನೂ ಕಷ್ಟ. ಆದರೆ ಇದು ನಿಜ. ಮನುಷ್ಯನ ಕಣ್ಣಿನಲ್ಲಿ ಮನೆ ಮಾಡುವ ಹುಳುಗಳನ್ನು ಪತ್ತೆ ಮಾಡಲು ವೈದ್ಯರು ಪಟ್ಟ ಪಾಡಿಗೆ ಎರಡು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸ ನಮ್ಮ ಕರಾವಳಿಗೆ ದೂರದ್ದೇನೂ ಅಲ್ಲ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬೆಳುವಾಯಿಯನ್ನೇ ತೆಗೆದುಕೊಳ್ಳಿ. ಇಲ್ಲಿಯೂ, ಬೆಳ್ತಂಗಡಿ, ಬಂಟ್ವಾಳದ ಕಡೆಯೂ ಅಡಿಕೆ ತೋಟದ ಮನೆಗಳ ಚಿತ್ರ ಹೆಚ್ಚುಕಡಿಮೆ ಒಂದೇ. ಅಂಗಳದಲ್ಲಿ ಕಾವಲಿಗೊಂದು ನಾಯಿ, ಅದರ ಮರಿಗಳ ಜೊತೆ ಮಣ್ಣಿನಲ್ಲಿ ಆಡುವ ಮಕ್ಕಳು. ಮಳೆಗಾಲದಲ್ಲಿ ಬಿದ್ದ ಹಾಳೆಯಲ್ಲಿ, ರಬ್ಬರ್ ಮರದ ಗೆರಟೆಯಲ್ಲಿ ನಿಂತ ನೀರು, ಆ ನೀರಿನಲ್ಲಿ ಸೊಳ್ಳೆ ಮರಿಗಳು. ಕಣ್ಣಿಗೆ ಬರುವ ಮುಖ್ಯ ಹುಳುಗಳಲ್ಲಿ ಒಂದು ನಾಯಿಯಿಂದ ಸೊಳ್ಳೆಯ ಮೂಲಕ ಬರುತ್ತದೆ. ಇನ್ನೊಂದು ನಾಯಿಮರಿಯಿಂದ ಮಣ್ಣಿನ ಮೂಲಕ ಬರುತ್ತದೆ. ಮೂರನೆಯದು ಲಾಡಿಹುಳು. ಅದು ಬರುವುದು ಮನುಷ್ಯರಿಂದಲೇ, ಕೊಳೆಯಾದ ಕೈ ಮತ್ತು ನೀರಿನ ದಾರಿಯಲ್ಲಿ.

ಬರಿಗಣ್ಣಿಗೆ ಕಂಡಷ್ಟೇ

ಕಣ್ಣಿನ ಕ್ರಿಮಿಯ ಮಾತು ಭಾರತೀಯ ವೈದ್ಯಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆ 76 ನೇತ್ರರೋಗಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ‘ಕ್ರಿಮಿಗ್ರಂಥಿ’ ಎಂಬುದೂ ಒಂದು. ರೆಪ್ಪೆ ಮತ್ತು ರೆಪ್ಪೆಗೂದಲು ಸೇರುವ ಕಡೆ ತುರಿಕೆ ತರುವ ರೋಗವಿದು. ಅಂದರೆ, ಹೊರಗೆ ಕಾಣುವ ಜಾಗದ ಕ್ರಿಮಿ.

ಯುರೋಪಿನ ವೈದ್ಯರಿಗೂ ಬಹುಕಾಲ ಹೊರಗೆ ಕಂಡದ್ದಷ್ಟೇ ಗೊತ್ತಿತ್ತು. 1770ರಲ್ಲಿ ಕೆರಿಬಿಯನ್ನಿನ ಸಾಂತೊ ಡೊಮಿಂಗೊದಲ್ಲಿ ಮೊಂಜಿನ್ ಎಂಬ ಫ್ರೆಂಚ್ ಶಸ್ತ್ರವೈದ್ಯ, ಆಫ್ರಿಕದಿಂದ ಗುಲಾಮಳಾಗಿ ಬಂದಿದ್ದ ಹೆಂಗಸೊಬ್ಬಳ ಕಣ್ಣಿನ ಬಿಳಿಭಾಗದಲ್ಲಿ ಹರಿಯುತ್ತಿದ್ದ ಹುಳುವನ್ನು ವರ್ಣಿಸಿದ. ‘ಲೋವ ಲೋವ’ ಎಂದು ಇಂದು ಕರೆಯುವ ಆಫ್ರಿಕದ ಕಣ್ಣುಹುಳು ಅದು. 1830ರಲ್ಲಿ ಜರ್ಮನಿಯ ಸೊಮರಿಂಗ್, ಕಣ್ಣಿನ ಮುಂಭಾಗದ ತಿಳಿನೀರಿನಲ್ಲಿ ಲಾಡಿಹುಳುವಿನ ಮರಿ ಜೀವಂತ ತೇಲುತ್ತಿದ್ದುದನ್ನು ವರದಿ ಮಾಡಿದ. ಎರಡೂ ಹುಳುಗಳು ಕಂಡದ್ದು ಅವು ಪಾರದರ್ಶಕ ಪೊರೆಗಳ ಕೆಳಗೆ ಇದ್ದುದರಿಂದ. ಕಣ್ಣಿನ ಹಿಂಭಾಗ ಆ ಕಾಲಕ್ಕೆ ಕತ್ತಲೆಯ ಕೋಣೆ.

ಆ ಕೋಣೆಗೆ ಮೊದಲು ದೀಪ ಹಿಡಿದವನು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. 1851ರಲ್ಲಿ ಆತ ಪ್ರಕಟಿಸಿದ ಆಫ್ತಲ್ಮೋಸ್ಕೋಪ್ ಎಂಬ ಪುಟ್ಟ ಸಲಕರಣೆ, ಪಾಪೆಯ ಮೂಲಕ ಬೆಳಕು ಹಾಯಿಸಿ ಅಕ್ಷಿಪಟಲವನ್ನು ತೋರಿಸಿತು. ಇದನ್ನು ಕೈಗೆತ್ತಿಕೊಂಡ ಬರ್ಲಿನ್ನಿನ ಪ್ರಸಿದ್ಧ ನೇತ್ರವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫ್, ಕೆಲವೇ ವರ್ಷಗಳಲ್ಲಿ ಕಣ್ಣಿನ ಒಳಭಾಗದಲ್ಲಿ ಲಾಡಿಹುಳುವಿನ ಮರಿಗಳನ್ನು ಕಂಡು ವಿವರಿಸಿದ. ತಾನು ನೋಡಿದ ಸುಮಾರು 80,000 ರೋಗಿಗಳಲ್ಲಿ 80ರಷ್ಟು ಮಂದಿಯ ಕಣ್ಣಲ್ಲಿ ಈ ಹುಳು ಇತ್ತೆಂದು ಆತ ಲೆಕ್ಕ ಕೊಟ್ಟ. ಸಾವಿರಕ್ಕೊಬ್ಬರು! ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಬೆಳಕು ಸೋತಲ್ಲಿ ಪ್ರತಿಧ್ವನಿ

ಆಫ್ತಲ್ಮೋಸ್ಕೋಪಿಗೆ ಒಂದು ದೊಡ್ಡ ಮಿತಿಯುಂಟು. ಬೆಳಕು ಹಾಯಲು ದಾರಿ ತಿಳಿಯಾಗಿರಬೇಕು. ಕಣ್ಣಿಗೆ ಪೊರೆ ಬಂದಿದ್ದರೆ, ಒಳಗೆ ರಕ್ತ ಸೋರಿದ್ದರೆ, ಉರಿಯೂತದಿಂದ ಒಳದ್ರವ ಕದಡಿದ್ದರೆ ಅದು ಕುರುಡು. ಹುಳು ಹೊಕ್ಕ ಕಣ್ಣು ಕದಡುವುದೇ ಹೆಚ್ಚು. ಹುಳು ಕಣ್ಣುಗುಡ್ಡೆಯ ಹೊರಗೆ, ಗುಡ್ಡೆಯನ್ನು ತಿರುಗಿಸುವ ಸ್ನಾಯುವಿನೊಳಗೆ ಕುಳಿತಿದ್ದರಂತೂ ಬೆಳಕಿನಿಂದ ಪ್ರಯೋಜನವೇ ಇಲ್ಲ.

ಇಲ್ಲಿ ನೆರವಿಗೆ ಬಂದದ್ದು ಸದ್ದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರಿ ಕ್ಯೂರಿ ಸಹೋದರರು ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸಿ ಸದ್ದು ಹೊರಡಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಇದನ್ನೇ ಬಳಸಿ, ಕಡಲೊಳಗೆ ಸದ್ದು ಕಳಿಸಿ ಜಲಾಂತರ್ಗಾಮಿಗಳ ಸುಳಿವು ಹಿಡಿಯುವ ಉಪಾಯ ಮಾಡಿದ. ಕಡಲ ತಳದ ಹಡಗಿನಿಂದ ಕಣ್ಣಿನ ತಳದ ಹುಳುವಿನವರೆಗಿನ ದಾರಿ ಹೀಗೆ ಆರಂಭವಾಯಿತು.

1956ರಲ್ಲಿ ಅಮೆರಿಕದ ಹೆನ್ರಿ ಮುಂಟ್ ಮತ್ತು ವಿಲಿಯಂ ಹ್ಯೂಸ್ ಕಣ್ಣಿನ ರೋಗನಿರ್ಣಯಕ್ಕೆ ಅಲ್ಟ್ರಾಸೌಂಡನ್ನು ಮೊದಲ ಬಾರಿಗೆ ಬಳಸಿದರು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯ ಸ್ಕ್ಯಾನಿಂಗ್ ಕುರಿತ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದ್ದು 1958ರಲ್ಲಿ. ಅಂದರೆ ಈ ವಿಷಯದಲ್ಲಿ ಕಣ್ಣು ಬಸಿರಿಗಿಂತ ಹಿಂದೆ ಬಿದ್ದಿರಲಿಲ್ಲ. ಮುಂಟ್ ಮತ್ತು ಹ್ಯೂಸರಿಗೆ ಸಿಕ್ಕಿದ್ದು ಪರದೆಯ ಮೇಲೆ ಏಳುವ ಮೊನಚು ಗೆರೆಗಳು ಮಾತ್ರ. ಇದಕ್ಕೆ ‘ಎ ಸ್ಕ್ಯಾನ್’ ಎಂದು ಹೆಸರು. 1958ರಲ್ಲಿ ಗಿಲ್ಬರ್ಟ್ ಬಾಮ್ ಮತ್ತು ಐವನ್ ಗ್ರೀನ್‌ವುಡ್ ಆ ಗೆರೆಗಳ ಬದಲು ಕಣ್ಣಿನ ಅಡ್ಡಸೀಳಿನಂಥ ಚಿತ್ರ ಮೂಡಿಸಿದರು. ಇದು ‘ಬಿ ಸ್ಕ್ಯಾನ್’. ಆಗೆಲ್ಲ ಕಣ್ಣಿನ ಮುಂದೆ ನೀರು ನಿಲ್ಲಿಸಿ ಅದರ ಮೂಲಕ ಸದ್ದು ಹಾಯಿಸಬೇಕಿತ್ತು. 1972ರಲ್ಲಿ ನಥಾನಿಯಲ್ ಬ್ರಾನ್ಸನ್ ಕೈಯಲ್ಲಿ ಹಿಡಿದು ರೆಪ್ಪೆಯ ಮೇಲೆಯೇ ಇಡಬಹುದಾದ ಉಪಕರಣವನ್ನು ವಿವರಿಸಿದ ಮೇಲೆ ಇದು ಪ್ರಯೋಗಾಲಯದಿಂದ ಆಸ್ಪತ್ರೆಗೆ ಇಳಿಯಿತು.

ಪರೀಕ್ಷೆ ಸರಳ. ಮುಚ್ಚಿದ ರೆಪ್ಪೆಗೆ ಲೋಳೆಯಂಥ ಜೆಲ್ ಹಚ್ಚಿ ಉಪಕರಣದ ತುದಿಯನ್ನು ಮೆಲ್ಲನೆ ಇಡುತ್ತಾರೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದು ಕೇಳಿಸೀತು. ಕಣ್ಣಿನ ಬಿ ಸ್ಕ್ಯಾನಿನ ಸದ್ದು ಸೆಕೆಂಡಿಗೆ ಸುಮಾರು ಒಂದು ಕೋಟಿ ಕಂಪನಗಳದ್ದು. ಕಂಪನ ಹೆಚ್ಚಿದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ, ಆದರೆ ಸದ್ದು ಆಳಕ್ಕೆ ಇಳಿಯದು. ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್ ಮಾತ್ರ. ಹಾಗಾಗಿ ಹೊಟ್ಟೆಯ ಸ್ಕ್ಯಾನಿಂಗಿಗೆ ಒಗ್ಗದ ಕಂಪನ ಕಣ್ಣಿಗೆ ಒಗ್ಗುತ್ತದೆ. ತಿಳಿದ್ರವದಲ್ಲಿ ಸದ್ದು ಮಾರ್ದನಿಸದೆ ಹಾಯುವುದರಿಂದ ಆ ಜಾಗ ಕಪ್ಪಾಗಿಯೂ, ಪೊರೆ, ಗಡ್ಡೆ, ಹುಳುಗಳಿಗೆ ಬಡಿದು ಮರಳುವುದರಿಂದ ಅವು ಬೆಳ್ಳಗೂ ಕಾಣುತ್ತವೆ. ನೋವಿಲ್ಲ, ಕ್ಷಕಿರಣದ ಭಯವಿಲ್ಲ.

ಸುಮ್ಮನೆ ಹೋದ ಕಣ್ಣುಗಳು

ಇಷ್ಟೆಲ್ಲ ಯಾಕೆ ಬೇಕಿತ್ತು ಎಂಬುದಕ್ಕೆ ಒಂದು ದುಃಖದ ಉತ್ತರವಿದೆ. ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ವೈದ್ಯರು ಮೊದಲು ಶಂಕಿಸುವುದು ಅಕ್ಷಿಪಟಲದ ಕ್ಯಾನ್ಸರನ್ನು. ಜೀವ ಉಳಿಸಲು ಹಿಂದೆ ಅಂಥ ಕಣ್ಣನ್ನೇ ತೆಗೆದುಬಿಡುತ್ತಿದ್ದರು. 1950ರಲ್ಲಿ ವಾಷಿಂಗ್ಟನ್ನಿನ ಸೇನಾ ರೋಗಶಾಸ್ತ್ರ ಸಂಸ್ಥೆಯ ಹೆಲೆನರ್ ಕ್ಯಾಂಪ್‌ಬೆಲ್ ವೈಲ್ಡರ್, ಹೀಗೆ ಕ್ಯಾನ್ಸರಿನಂತೆ ತೋರಿ ತೆಗೆದಿದ್ದ 46 ಕಣ್ಣುಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 24ರಲ್ಲಿ ದುಂಡುಹುಳುವಿನ ಮರಿ ಅಥವಾ ಅದರ ಅವಶೇಷ ಇತ್ತು. ಮುಂದೆ 1956ರಲ್ಲಿ ಇದು ನಾಯಿಗಳ ಕರುಳಿನಲ್ಲಿರುವ ಟಾಕ್ಸೊಕಾರ ಎಂಬ ಹುಳುವಿನ ಮರಿ ಎಂದು ಗೊತ್ತಾಯಿತು. ನಾಯಿಮರಿಯ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಮಗುವಿನ ಬಾಯಿಗೆ ಇದರ ಮೊಟ್ಟೆ ಸೇರುತ್ತದೆ.

ಕಣ್ಣು ತೆಗೆದ ಮೇಲೆ ಸತ್ಯ ತಿಳಿದು ಏನು ಫಲ? ತೆಗೆಯುವ ಮೊದಲೇ ತಿಳಿಯುವ ದಾರಿ ಬೇಕಿತ್ತು. ಕ್ಯಾನ್ಸರ್ ಗಡ್ಡೆಯಲ್ಲಿ ಸಾಮಾನ್ಯವಾಗಿ ಸುಣ್ಣದ ಕಣಗಳಿದ್ದು ಅಲ್ಟ್ರಾಸೌಂಡಿನಲ್ಲಿ ಮಿಂಚುತ್ತವೆ. ಟಾಕ್ಸೊಕಾರದ ಕಣ್ಣಿನ ಲಕ್ಷಣಗಳನ್ನು ಅಮೆರಿಕದ ವೈದ್ಯರು 1991ರಲ್ಲಿ ಪಟ್ಟಿ ಮಾಡಿದರು. ಅಕ್ಷಿಪಟಲದ ಅಂಚಿನಲ್ಲೊಂದು ಗಟ್ಟಿ ಉಬ್ಬು, ಅದರಿಂದ ಹೊರಟ ಹಗ್ಗದಂಥ ಎಳೆ, ಆ ಎಳೆಯ ಜಗ್ಗಾಟಕ್ಕೆ ಕಿತ್ತುಬಂದ ಅಕ್ಷಿಪಟಲ, ಇವು ಮೂರು ಮುಖ್ಯ. ಇಷ್ಟರಿಂದಲೇ ತೀರ್ಮಾನವಾಗದು, ರಕ್ತಪರೀಕ್ಷೆ, ಮಗುವಿನ ವಯಸ್ಸು, ಉಳಿದ ಪರೀಕ್ಷೆಗಳೂ ಸೇರಬೇಕು. ಆದರೆ ಪಾಪೆ ಬೆಳ್ಳಗೆ ಕಂಡ ಮಗುವನ್ನು ಒಂದು ದಿನವೂ ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಮಾತ್ರೆಯೋ ಕತ್ತಿಯೋ?

ಲಾಡಿಹುಳುವಿನ ವಿಷಯದಲ್ಲಿ ಸ್ಕ್ಯಾನಿನ ಮಾತು ಇನ್ನೂ ನಿರ್ಣಾಯಕ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಕಣ್ಣಿಗೆ, ಮೆದುಳಿಗೆ ಹೋಗುವುದು ಮಾಂಸದಿಂದ ಬಂದ ಹುಳುವಲ್ಲ. ಹುಳುವಿರುವ ಮನುಷ್ಯನ ಮಲದಲ್ಲಿರುವ ಮೊಟ್ಟೆ ನೀರು, ಹಸಿ ತರಕಾರಿ, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿ, ಅಲ್ಲಿ ಮರಿಯಾಗಿ, ರಕ್ತದೊಂದಿಗೆ ಹರಿದು ಕಣ್ಣಿಗೆ ತಲುಪುತ್ತದೆ. ಹಂದಿ ಮಾಂಸ ಮುಟ್ಟದ ಶುದ್ಧ ಸಸ್ಯಾಹಾರಿಗೂ ಈ ರೋಗ ಬರುವುದು ಹೀಗೆ.

ಸ್ಕ್ಯಾನಿನಲ್ಲಿ ಇದರ ಗುರುತು ಸ್ಪಷ್ಟ. ಕಪ್ಪು ನೀರ್ಗುಳ್ಳೆ, ಅದರೊಳಗೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಹುಳುವಿನ ತಲೆ. ಕಣ್ಣಿನ ಒಳದ್ರವದಲ್ಲಿರುವ ಜೀವಂತ ಗುಳ್ಳೆ ಕೆಲವೊಮ್ಮೆ ಪರದೆಯ ಮೇಲೆ ಅಲುಗುವುದೂ ಕಾಣುತ್ತದೆ. ಗುಳ್ಳೆ ಕಣ್ಣಿನ ಸ್ನಾಯುವಿನಲ್ಲಿದ್ದರೆ ಕಣ್ಣು ಊದುತ್ತದೆ, ನೋಟ ಎರಡೆರಡಾಗಿ ಕಾಣುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಜಿ. ಚಂದ್ರಶೇಖರ್ ಮತ್ತು ಸಂತೋಷ್ ಹೊನಾವರ್ 1999ರಲ್ಲಿ ಇಂಥ ರೋಗಿಗಳ ಸ್ಕ್ಯಾನ್ ಮತ್ತು ಚಿಕಿತ್ಸೆಯ ಅನುಭವವನ್ನು ಪ್ರಕಟಿಸಿದರು. ಸ್ನಾಯುವಿನ ಗುಳ್ಳೆಗೆ ಕತ್ತಿ ಬೇಡ. ಆಲ್ಬೆಂಡಜೋಲ್ ಮಾತ್ರೆ ಮತ್ತು ಉರಿಯೂತ ತಗ್ಗಿಸುವ ಸ್ಟಿರಾಯ್ಡ್‌ಗಳನ್ನು ಕೆಲವು ವಾರ ಕೊಟ್ಟರೆ ಸಾಮಾನ್ಯವಾಗಿ ಸಾಕು. ಗುಳ್ಳೆ ಕರಗುತ್ತ ಬರುವುದನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಬಹುದು.

ಅದೇ ಗುಳ್ಳೆ ಕಣ್ಣುಗುಡ್ಡೆಯ ಒಳಗಿದ್ದರೆ ಕಥೆಯೇ ಬೇರೆ. ಅಲ್ಲಿ ಮಾತ್ರೆ ಕೊಟ್ಟು ಹುಳುವನ್ನು ಕೊಂದರೆ, ಸತ್ತ ಹುಳುವಿನಿಂದ ಸೋರುವ ವಸ್ತುಗಳಿಗೆ ಕಣ್ಣು ಭುಗಿಲೆದ್ದು ದೃಷ್ಟಿಯೇ ಹೋಗಬಹುದು. ಅದನ್ನು ಶಸ್ತ್ರಚಿಕಿತ್ಸೆಯಿಂದ ಇಡಿಯಾಗಿ ಹೊರತೆಗೆಯಬೇಕು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಒಂದೇ ಬಾರಿಗೆ ಕೊಡುವ ಮಾತ್ರೆಯೂ ಆಲ್ಬೆಂಡಜೋಲೇ. ಅದು ಕರುಳಿನ ಹುಳುಗಳಿಗೆ, ಅದಕ್ಕೆ ಅಂಜಬೇಕಿಲ್ಲ. ಆದರೆ ‘ಕಣ್ಣಿನಲ್ಲಿ ಹುಳು’ ಎಂದು ಯಾರೋ ಹೇಳಿದರೆಂದು ಅಂಗಡಿಯಿಂದ ಅದೇ ಮಾತ್ರೆ ತಂದು ವಾರಗಟ್ಟಲೆ ನುಂಗುವುದು ಅಪಾಯ. ಹುಳು ಗೋಡೆಯ ಆಚೆ ಇದೆಯೋ ಈಚೆ ಇದೆಯೋ ಎಂಬ ಕೆಲವೇ ಮಿಲಿಮೀಟರ್ ವ್ಯತ್ಯಾಸದ ಮೇಲೆ ದೃಷ್ಟಿ ನಿಂತಿರುತ್ತದೆ.

ನಮ್ಮ ಕರಾವಳಿಯ ಅತಿಥಿ

ಕೇರಳದಿಂದ ನಮ್ಮ ಕರಾವಳಿಯವರೆಗೆ ಇತ್ತೀಚಿನ ದಶಕಗಳಲ್ಲಿ ವೈದ್ಯರ ಗಮನ ಸೆಳೆದಿರುವ ಹುಳು ಡೈರೊಫೈಲೇರಿಯ. ಇದು ನಾಯಿಯ ಚರ್ಮದ ಕೆಳಗೆ ವಾಸಿಸುವಂಥದ್ದು. ನಾಯಿಯನ್ನು ಕಚ್ಚಿದ ಸೊಳ್ಳೆ ಮನುಷ್ಯನನ್ನು ಕಚ್ಚಿದಾಗ ದಾರಿತಪ್ಪಿ ಬರುತ್ತದೆ. ಚರ್ಮದಡಿಯ ಇಂಥ ಎರಡು ಪ್ರಕರಣಗಳನ್ನು ಮಂಗಳೂರಿನ ವೈದ್ಯರು 2011ರಲ್ಲಿ ವರದಿ ಮಾಡಿದ್ದಾರೆ. ಕಣ್ಣು ಇದರ ಮೆಚ್ಚಿನ ತಾಣಗಳಲ್ಲೊಂದು. ಬಿಳಿಭಾಗದ ಪೊರೆಯಡಿ ನೂಲಿನಂತೆ ಸುಳಿದಾಡಿದರೆ ಬರಿಗಣ್ಣಿಗೇ ಕಂಡೀತು. ರೆಪ್ಪೆಯೊಳಗೋ ಗುಡ್ಡೆಯ ಹಿಂದೋ ಗಂಟಾಗಿ ಕುಳಿತರೆ ಗಡ್ಡೆಯೆಂದೇ ತಪ್ಪು ತಿಳಿಯಬಹುದು. ಅಲ್ಲಿ ಅಲ್ಟ್ರಾಸೌಂಡ್ ನೀರ್ಗುಳ್ಳೆಯೊಳಗೆ ಹೊರಳುವ ಜೋಡಿಗೆರೆಗಳನ್ನು ತೋರಿಸಬಲ್ಲದು. ಹುಳುವನ್ನು ತೆಗೆದರೆ ಸಾಮಾನ್ಯವಾಗಿ ರೋಗ ಮುಗಿಯಿತು.

ದಕ್ಷಿಣ ಕನ್ನಡ, ಉಡುಪಿಗಳಿಗೆ ಹಳೆಯ ಪರಿಚಯವಿರುವ ಆನೆಕಾಲು ರೋಗದ ಹುಳು ಇದರದೇ ಬಳಗದ್ದು. ಆ ಹುಳುಗಳು ದೇಹದೊಳಗೆ ಜೀವಂತ ಕುಣಿಯುವುದನ್ನು ಬ್ರೆಜಿಲ್ಲಿನ ವೈದ್ಯರು 1994ರಲ್ಲಿ ಅಲ್ಟ್ರಾಸೌಂಡಿನಲ್ಲಿ ತೋರಿಸಿದರು. ವೈದ್ಯರು ಅದನ್ನು ‘ಫೈಲೇರಿಯ ನೃತ್ಯ’ ಎಂದೇ ಕರೆಯುತ್ತಾರೆ.

ಬರ್ಲಿನ್ ಕಲಿಸಿದ ಪಾಠ

ಈಗ ಗ್ರೇಫ್‌ನ ಲೆಕ್ಕಕ್ಕೆ ಬರೋಣ. ಸಾವಿರಕ್ಕೊಬ್ಬರ ಕಣ್ಣಲ್ಲಿ ಹುಳುವಿದ್ದ ಬರ್ಲಿನ್‌ನಲ್ಲಿ 19ನೇ ಶತಮಾನ ಮುಗಿಯುವ ಹೊತ್ತಿಗೆ ಅಂಥ ಕಣ್ಣು ಅಪರೂಪವಾಯಿತು. ಆಗ ಅಲ್ಟ್ರಾಸೌಂಡ್ ಇರಲಿಲ್ಲ, ಆಲ್ಬೆಂಡಜೋಲ್ ಇರಲಿಲ್ಲ. 1855ರಲ್ಲಿ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯ, ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ಹಂದಿ ಮಾಂಸದ ಗುಳ್ಳೆಗಳನ್ನು ತಿನ್ನಿಸಿ, ಶಿಕ್ಷೆಯ ನಂತರ ಅವನ ಕರುಳಿನಲ್ಲಿ ಲಾಡಿಹುಳುಗಳನ್ನು ಕಂಡಿದ್ದ. ಕ್ರೂರವಾದ ಆ ಪ್ರಯೋಗದಿಂದ ರೋಗದ ದಾರಿ ತಿಳಿಯಿತು. ಕಸಾಯಿಖಾನೆಗಳಲ್ಲಿ ಮಾಂಸದ ತಪಾಸಣೆ ಕಡ್ಡಾಯವಾಯಿತು, ಊರು ಶುಚಿಯಾಯಿತು. ಹುಳುವಿನ ದಾರಿ ಮುಚ್ಚಿದ್ದೇ ಕಣ್ಣುಗಳು ಉಳಿದವು.

ಕರಾವಳಿಯ ಭಾಗ್ಯವೆಂದರೆ 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ದೊಡ್ಡ ಆಸ್ಪತ್ರೆಗಳು ಕೈಗೆಟಕುವ ದೂರದಲ್ಲಿವೆ. ಕಾರಣವಿಲ್ಲದೆ ಕಣ್ಣು ಊದಿ, ನೋಟ ಎರಡಾಗಿ, ಮಗುವಿನ ಪಾಪೆ ಬೆಳ್ಳಗಾಗಿ ಕಂಡಾಗ ಅಲ್ಲಿಗೆ ಹೋಗುವುದು ನಮ್ಮ ಕೆಲಸ; ಸದ್ದು ಕಳಿಸಿ ಉತ್ತರ ಕೇಳುವುದು ವೈದ್ಯರ ಕೆಲಸ. ಅದಕ್ಕೂ ಮೊದಲಿನ ಕೆಲಸಗಳೂ ಇವೆ. ಸಾಕಿದ ನಾಯಿಗೆ ಮತ್ತು ಅದರ ಮರಿಗಳಿಗೆ ಹುಳುವಿನ ಮದ್ದು ಹಾಕಿಸುವುದು, ಗೆರಟೆ ಕವುಚಿಡುವುದು, ಹಾಳೆಯ ನೀರು ಚೆಲ್ಲುವುದು, ಹಸಿ ಸೊಪ್ಪನ್ನು ಚೆನ್ನಾಗಿ ತೊಳೆಯುವುದು, ಅಂಗಳದಿಂದ ಬಂದ ಮಗುವಿನ ಕೈಗೆ ಸಾಬೂನು ಹಚ್ಚುವುದು. ಇವಕ್ಕೆ ಯಂತ್ರ ಬೇಕಿಲ್ಲ.