ಟ್ರೀಸ್ ಆಫ್ ಮಿಸ್ಟರಿಯ ಪಾಲ್ ಬನ್ಯನ್ ಪ್ರತಿಮೆ

ಟ್ರೀಸ್ ಆಫ್ ಮಿಸ್ಟರಿಯ ಪಾಲ್ ಬನ್ಯನ್ ಪ್ರತಿಮೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಡೆಲ್ ನಾರ್ಟ್ ಕೌಂಟಿಯಲ್ಲಿ, ಕ್ಲಮಾತ್ ಊರಿನ ಬಳಿ ೧೦೧ನೆಯ ಹೆದ್ದಾರಿಯ ಪಕ್ಕದಲ್ಲಿದೆ. ಸುಮಾರು ೪೯ ಅಡಿ (೧೫ ಮೀಟರ್) ಎತ್ತರದ ಈ ಪ್ರತಿಮೆಯು ಅಮೆರಿಕದ ಜನಪದ ಕಥೆಗಳ ದೈತ್ಯ ಮರಕಡುಕನದು. ಅವನ ಜೊತೆಗಾರ, ಬೇಬ್ ಎಂಬ ನೀಲಿ ಎತ್ತಿನ ೩೫ ಅಡಿ ಎತ್ತರದ ಪ್ರತಿಮೆ ಪಕ್ಕದಲ್ಲೇ ಇದೆ. ಎರಡೂ ವಾಹನ ನಿಲುಗಡೆಯ ಅಂಗಳದಲ್ಲಿರುವುದರಿಂದ ಇವನ್ನು ನೋಡಲು ಪ್ರವೇಶ ಶುಲ್ಕವಿಲ್ಲ.

ಕಥೆಯ ಹಿನ್ನೆಲೆ

ಪಾಲ್ ಬನ್ಯನ್ ಕಥೆಗಳು ಮಹಾ ಸರೋವರಗಳ ಸೀಮೆಯ ಮರಕಡುಕರ ಬಿಡಾರಗಳಲ್ಲಿ ಬಾಯಿಂದ ಬಾಯಿಗೆ ಹರಡಿದವು. ಇವನ ಮತ್ತು ಎತ್ತಿನ ಹೆಜ್ಜೆಗುಳಿಗಳಲ್ಲಿ ನೀರು ನಿಂತು ಮಿನ್ನೆಸೋಟದ ಕೆರೆಗಳಾದವೆಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಕ್ಯಾಲಿಫೋರ್ನಿಯದ ವೆಸ್ಟ್‌ವುಡ್‌ನಲ್ಲಿ ಕಾರ್ಖಾನೆ ಹೂಡಿದ ರೆಡ್ ರಿವರ್ ಲಂಬರ್ ಕಂಪನಿಯು ೧೯೧೪ರಲ್ಲಿ ಜಾಹೀರಾತಿಗಾಗಿ ಹೊರತಂದ ಪುಸ್ತಿಕೆಯಲ್ಲಿ ವಿಲಿಯಂ ಲಾಫ್‌ಹೆಡ್ ಈ ಕಥೆಗಳನ್ನು ಚಿತ್ರಸಹಿತ ಬರೆದನು. ಬನ್ಯನ್ ದೇಶದಾದ್ಯಂತ ಮನೆಮಾತಾದುದು ಇಂತಹ ಪ್ರಚಾರದಿಂದ. ಈ ಕಾರಣಕ್ಕಾಗಿಯೇ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ ೧೯೫೦ರಲ್ಲಿ ಇವನ್ನು ನಿಜವಾದ ಜಾನಪದವಲ್ಲ, 'ಹುಸಿ ಜಾನಪದ'ವೆಂದು ಕರೆದನು. ಆದರೆ ಕೆಲವು ಕಥೆಗಳಾದರೂ ಅಚ್ಚಿಗೆ ಮುಂಚೆ ಬಿಡಾರಗಳಲ್ಲಿ ಇದ್ದವೆಂಬುದನ್ನು ಅಲ್ಲಗಳೆಯಲಾಗದು.

ಪ್ರತಿಮೆಗಳು

೧೯೪೬ರಲ್ಲಿ ನಿಲ್ಲಿಸಿದ ಮೊದಲ ಬನ್ಯನ್ ಕಾಗದದ ರದ್ದಿನಿಂದ ಮಾಡಿದ್ದಾಗಿದ್ದು, ಈ ಕರಾವಳಿಯ ಮಳೆಗಾಲವನ್ನು ತಾಳದೆ ಕರಗಿಹೋಯಿತು. ಈಗಿನ ಪ್ರತಿಮೆ ೧೯೬೧ರದು. ಒಂದು ಕೈಯಲ್ಲಿ ಕೊಡಲಿ ಹಿಡಿದು ಇನ್ನೊಂದನ್ನು ಎತ್ತಿ ಸ್ವಾಗತಿಸುವ ಈ ಬನ್ಯನ್ ಮಾತನಾಡುತ್ತಾನೆ. ಮರೆಯಲ್ಲಿ ಕುಳಿತ ಸಿಬ್ಬಂದಿಯೊಬ್ಬರು ಬಂದವರನ್ನು ನೋಡುತ್ತ, ಅವರ ಉಡುಪನ್ನೋ ಊರನ್ನೋ ಹೆಸರಿಸಿ ಧ್ವನಿವರ್ಧಕದ ಮೂಲಕ ಮಾತಿಗೆಳೆಯುವುದರಿಂದ, ತನ್ನ ಪ್ರಶ್ನೆಗೆ ನೇರ ಉತ್ತರ ಬಂದಾಗ ಮಕ್ಕಳು ಬೆರಗಾಗುತ್ತಾರೆ. ಬೇಬ್‌ನ ಮೂಗಿನ ಹೊಳ್ಳೆಗಳಿಂದ ಹಿಂದೆ ಹೊಗೆ ಬರುತ್ತಿತ್ತು. ಚಿಕ್ಕ ಮಕ್ಕಳು ಹೆದರಿದ್ದರಿಂದ ಅದನ್ನು ನಿಲ್ಲಿಸಲಾಯಿತು. ೨೦೦೭ರಲ್ಲಿ ಎತ್ತಿನ ತಲೆ ಕಳಚಿ ಬಿದ್ದಿತು, ಬಳಿಕ ಅದನ್ನು ಮತ್ತೆ ಕಟ್ಟಲಾಯಿತು.

ಪರಿಸರ

ಪ್ರತಿಮೆಯ ಹಿಂದಿರುವುದು ರೆಡ್‌ವುಡ್ ಕಾಡು. ಈ ಜಾತಿಯ ಅತಿ ಎತ್ತರದ ಮರಗಳು ೧೧೫ ಮೀಟರನ್ನೂ ಮೀರುತ್ತವೆ. ಅವುಗಳ ಬುಡದಲ್ಲಿ ದೈತ್ಯ ಬನ್ಯನ್ ಕುಳ್ಳನಂತೆ ಕಾಣುವನು. ೧೯೬೦ರ ದಶಕದ ವೇಳೆಗೆ ಹಳೆಯ ರೆಡ್‌ವುಡ್ ಕಾಡಿನ ಬಹುಪಾಲನ್ನು ಮರದ ವ್ಯಾಪಾರಕ್ಕಾಗಿ ಕಡಿಯಲಾಗಿದ್ದು, ಉಳಿದುದನ್ನು ಕಾಪಾಡಲು ೧೯೬೮ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಕಾಡನ್ನು ತೋರಿಸಿ ಬದುಕುವ ತಾಣವು ಕೊಡಲಿ ಹಿಡಿದವನನ್ನೇ ದ್ವಾರಪಾಲಕನಾಗಿ ನಿಲ್ಲಿಸಿಕೊಂಡಿರುವುದು ಹೀಗಾಗಿ ವಿಚಿತ್ರವಾಗಿದೆ. ಸುತ್ತಲಿನ ನೆಲ ಯುರೋಕ್ ಜನರ ಪೂರ್ವಿಕ ಪ್ರದೇಶ. ತಾಣದೊಳಗಿನ 'ಎಂಡ್ ಆಫ್ ದಿ ಟ್ರೇಲ್' ಸಂಗ್ರಹಾಲಯದಲ್ಲಿ ಮೂಲನಿವಾಸಿಗಳ ಬುಟ್ಟಿ, ಉಡುಪು ಮುಂತಾದ ಕಲಾವಸ್ತುಗಳಿವೆ, ಅದಕ್ಕೂ ಶುಲ್ಕವಿಲ್ಲ. ಕಾಡಿನ ಹಾದಿ ಮತ್ತು ಮರಗಳ ನೆತ್ತಿಯ ಮಟ್ಟದಲ್ಲಿ ಸಾಗುವ ತೂಗುಬಂಡಿಗೆ ಟಿಕೆಟ್ ಇದೆ.